ಉಳಿಯ ಅಕ್ಷರಕ್ಕೆ ಕಾಡಿನ ವೇಷ

ಜುರಾಸಿಕ್ ಪಾರ್ಕ್ ಚಿತ್ರದ ಲೋಗೋ ನೋಡದವರು ಕಡಿಮೆ. ಡೈನೋಸಾರ್ ಅಸ್ಥಿಪಂಜರದ ಜೊತೆಗಿರುವ ಆ ದಪ್ಪ, ಒರಟು ಅಕ್ಷರಗಳ ಮೂಲ 1993ರ ಹಾಲಿವುಡ್‌ನಲ್ಲಿಲ್ಲ. ಅದಕ್ಕೆ 70 ವರ್ಷ ಮೊದಲೇ, 1923ರಲ್ಲಿ, ಜರ್ಮನಿಯ ಆಫೆನ್‌ಬಾಖ್ ಊರಿನ ಕ್ಲಿಂಗ್‌ಸ್ಪೋರ್ ಅಚ್ಚುಮೊಳೆ ಕಾರ್ಖಾನೆಗಾಗಿ ರುಡಾಲ್ಫ್ ಕಾಖ್ ಕೆತ್ತಿದ ನಾಯ್‌ಲಾಂಡ್ ಎಂಬ ಅಕ್ಷರಶೈಲಿ ಅದು.

ಕೆತ್ತಿದ ಎಂದೇ ಹೇಳಬೇಕು. ಅಕ್ಷರದ ನಕ್ಷೆ ಬರೆಯುವವನೊಬ್ಬ, ಅದನ್ನು ಉಕ್ಕಿನಲ್ಲಿ ಕಡೆಯುವವನು ಇನ್ನೊಬ್ಬ ಎನ್ನುವುದು ಆ ಕಾಲದ ವಾಡಿಕೆ. ಕಾಖ್ ನಕ್ಷೆಯ ಗೊಡವೆಗೇ ಹೋಗದೆ ನೇರವಾಗಿ ಲೋಹಕ್ಕೆ ಕೈಹಾಕಿದ. ಪ್ರತಿ ಅಳತೆಯನ್ನೂ ಹೊಸದಾಗಿ ಕಡೆದದ್ದರಿಂದ ದೊಡ್ಡ ಮೊಳೆಯ ‘ಎ’ಗೂ ಸಣ್ಣ ಮೊಳೆಯ ‘ಎ’ಗೂ ಇರುವ ಹೋಲಿಕೆ ಅಕ್ಕತಂಗಿಯರದು, ಅವಳಿಗಳದ್ದಲ್ಲ. ಇದರಲ್ಲಿ ಸಣ್ಣಕ್ಷರಗಳೇ ಇಲ್ಲ, ಎಲ್ಲವೂ ಕ್ಯಾಪಿಟಲ್. ಗೆರೆಗಳು ದಪ್ಪ, ಅಂಚುಗಳು ಚೆಕ್ಕೆ ಎಬ್ಬಿಸಿದ ಹಾಗೆ ಅಂಕುಡೊಂಕು. ಒಳಗಿನ ಬಿಳುಪು ಎಷ್ಟು ಬೇಕೋ ಅಷ್ಟೇ. ನಾಲ್ಕಾರು ಪದಗಳನ್ನು ಒತ್ತಾಗಿ ಜೋಡಿಸಿದರೆ ಪುಟದ ಮೇಲೆ ಒಂದು ಕಪ್ಪು ಚಪ್ಪಡಿ ಎದ್ದು ನಿಲ್ಲುತ್ತದೆ. ಇದರ ಶಕ್ತಿಯೆಲ್ಲ ಅಲ್ಲಿದೆ. ಅಕ್ಷರದೊಳಗೆ ಬಿಳಿಗೆರೆ ಎಳೆದ ‘ಇನ್‌ಲೈನ್’ ರೂಪವೂ ಉಂಟು. ನನ್ನ ಕಣ್ಣಿಗೆ ಅದು ಆ ತೂಕವನ್ನು ಹಗುರ ಮಾಡಿದ ಅಲಂಕಾರ ಮಾತ್ರ.

ಕಾಖ್ ಲುಥರನ್ ಪಂಥದ ಭಕ್ತ. ಧಾರ್ಮಿಕ ಬರಹಗಳನ್ನು ಬರೆಯುವುದರಲ್ಲಿ ಬಹಳ ಕಾಲ ಕಳೆದವನು. ಅವನ ಅಕ್ಷರಕ್ಕೆ ಅಮೆರಿಕದಲ್ಲಿ ಸಿಕ್ಕ ಕೆಲಸ ನೋಡಿ: ಆಫ್ರಿಕದ ಕತೆ, ಕಪ್ಪು ಲೇಖಕರ ಪುಸ್ತಕ, ಸಫಾರಿ, ಸಾಹಸ. ಈ ಜರ್ಮನ್ ಮೊಳೆ ‘ಆಫ್ರಿಕನ್’ ಆದದ್ದು ಹೇಗೆಂದು ವಿನ್ಯಾಸಕ ರಾಬ್ ಜಿಯಾಂಪಿಯೆತ್ರೊ ಒಂದು ಲೇಖನದಲ್ಲಿ ಕೆದಕಿದ್ದಾರೆ. ಪ್ರಾಚೀನ ಗ್ರೀಕ್ ಶಾಸನಗಳನ್ನು ನೋಡಿ ಕ್ಯಾರೊಲ್ ಟ್ವಾಂಬ್ಲಿ 1989ರಲ್ಲಿ ಅಡೋಬಿ ಕಂಪನಿಗಾಗಿ ರೂಪಿಸಿದ ಲಿಥೋಸ್ ಅಕ್ಷರಶೈಲಿಗೂ ಇದೇ ಗತಿ ಬಂತು. ಒರಟಾಗಿದ್ದರೆ ಸಾಕು, ಅದು ಕಾಡಿನದು. ಕಾಡು ಎಂದರೆ ಆಫ್ರಿಕ! ಲೇಖಕ ನಗರದಲ್ಲಿ ಹುಟ್ಟಿ ಬೆಳೆದಿದ್ದರೂ ಮುಖಪುಟ ಮಾತ್ರ ಅವನನ್ನು ಕಾಡಿಗಟ್ಟುತ್ತದೆ. ಇದನ್ನು ಸೋಮಾರಿತನ ಎಂದು ಬಿಟ್ಟುಬಿಡಲಾಗದು, ಅವಮಾನವೂ ಹೌದು.

ಡೈನೋಸಾರ್ ಲೋಗೋ ಅಷ್ಟು ಕೆಡುಕಿನದಲ್ಲ. ಭಾರದ ಪ್ರಾಣಿಗೆ ಭಾರದ ಅಕ್ಷರ, ನೋಡಿದ ಕೂಡಲೇ ನಾಟುತ್ತದೆ. ಆದರೆ ಅದರ ಯಶಸ್ಸು ಕಾಡಿನ ವೇಷವನ್ನು ಇನ್ನಷ್ಟು ಗಟ್ಟಿಮಾಡಿತು.

ಕಂಪ್ಯೂಟರು ಇನ್ನೊಂದು ಪೆಟ್ಟು ಕೊಟ್ಟಿದೆ. ಈಗ ಒಂದೇ ನಕ್ಷೆಯನ್ನು ವಿಸಿಟಿಂಗ್ ಕಾರ್ಡಿಗೂ ಹೋರ್ಡಿಂಗಿಗೂ ಹಿಗ್ಗಿಸಿ ಕುಗ್ಗಿಸುತ್ತಾರೆ. ಬೆರಳಗಲದ ಮೊಳೆಯಲ್ಲಿ ಕೈಚಳಕವಾಗಿ ಕಾಣುತ್ತಿದ್ದ ಅಂಕು ಆಳೆತ್ತರಕ್ಕೆ ಹಿಗ್ಗಿದಾಗ ಬರೀ ಹರಕು.

ಇಂಗ್ಲಿಷ್ ಶೀರ್ಷಿಕೆ ಜೋಡಿಸುವ ನಮ್ಮ ವಿನ್ಯಾಸಕರು ನಾಯ್‌ಲಾಂಡನ್ನು ನಾಟಕದ ಪೋಸ್ಟರಿಗೋ ಕವನ ಸಂಕಲನದ ಮುಖಪುಟಕ್ಕೋ ಒಮ್ಮೆ ಹಾಕಿ ನೋಡಲಿ. ಪದಗಳು ಕಡಿಮೆ ಇರಲಿ, ಸಾಲುಗಳು ಒತ್ತಾಗಿರಲಿ. ಹುಲಿಪಟ್ಟೆ, ಬಿದಿರು, ಬೆಂಕಿಯ ಚಿತ್ರ ಮಾತ್ರ ಜೊತೆಗೆ ಬೇಡ.