ಮಣ್ಣುರಸ್ತೆಗೆ ಮೊದಲು ಟೈರು, ಆಮೇಲೆ ಬೈಕು

ವಾರಾಂತ್ಯಕ್ಕೆ ದಾಂಡೇಲಿ, ಗಣೇಶಗುಡಿ ಕಡೆ ಬರುವ ಎತ್ತರದ ಬೈಕುಗಳನ್ನು ನೋಡಿ ಪಾಳಾ, ಮಳಗಿ ಕಡೆಯ ಹುಡುಗರೂ ಅಂಥದ್ದೇ ಬೇಕೆಂದು ಸಾಲಕ್ಕೆ ಓಡಾಡುತ್ತಾರೆ. ಮಣ್ಣುರಸ್ತೆಗೆ ದೊಡ್ಡ ಗಾಡಿಯೇ ಆಗಬೇಕು ಎಂಬುದು ತಪ್ಪು ಲೆಕ್ಕ. ನೆಲ ಹಿಡಿಯುವುದು ಟೈರು. ಮೊದಲು ಆರಿಸಬೇಕಾದದ್ದು ಅದನ್ನೇ.

ಈ ಸೀಮೆಯ ಮಣ್ಣು ಎಲ್ಲ ಕಡೆ ಒಂದೇ ಬಗೆಯದಲ್ಲ. ಜೋಯಿಡಾದ ಕೆಂಪುನೆಲ ಬೇಸಿಗೆಯಲ್ಲಿ ಗಟ್ಟಿ. ಆದರೆ ಮೇಲೆ ಕಡಲೆಕಾಳಿನಂಥ ಹರಳುಗಳು ಹರಡಿಕೊಂಡು ಗಾಲಿಯಡಿ ಉರುಳುತ್ತವೆ. ಜೂನ್ ಮಳೆ ಹಿಡಿದರೆ ಅದೇ ನೆಲದ ಮೇಲೆ ತೆಳ್ಳನೆ ಲೋಳೆ ಕೂರುತ್ತದೆ, ತಳ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಆ ಲೋಳೆಯನ್ನು ಸೀಳಿ ತಳ ಹಿಡಿಯುವ ಗ್ರಿಪ್ ಅಲ್ಲಿ ಬೇಕು. ಹಳಿಯಾಳ, ಮುಂಡಗೋಡದ ಹೊಲದ ದಾರಿಗಳಲ್ಲಿ ಸಿಗುವ ಅಂಟುಮಣ್ಣಿನ ಕಥೆಯೇ ಬೇರೆ. ಟೈರಿನ ಗೆರೆಗಳೆಲ್ಲ ತುಂಬಿ, ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಇಳಿದು ಕಡ್ಡಿಯಿಂದ ಕೆರೆಯದೆ ಮುಂದೆ ಹೋಗುವಂತಿಲ್ಲ. ಅಂಥ ರಾಡಿಗೆ ಅಗಲ ಸಂದಿನ ಬಟನ್ ಟೈರೇ ಸರಿ, ತಿರುಗುತ್ತಲೇ ಮಣ್ಣು ಕೊಡವಿಕೊಳ್ಳುತ್ತದೆ. ಆದರೆ ಒದ್ದೆ ಡಾಂಬರಿನ ತಿರುವಿನಲ್ಲಿ ಅದನ್ನು ನಂಬಬಾರದು, ಸವೆಯುವುದೂ ಬೇಗ. ದಿನವೂ ಅರ್ಧ ಡಾಂಬರು, ಅರ್ಧ ಮಣ್ಣು ತುಳಿಯುವವರಿಗೆ ಎರಡಕ್ಕೂ ಆಗುವ ಮಧ್ಯಮ ಬಟನ್ನಿನ ಟೈರು ಮೇಲು.

ಇನ್ನು ಗಾಡಿಗಳು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ಗೆ 21 ಇಂಚಿನ ಮುಂಗಾಲಿ, ನೆಲದಿಂದ 220 ಮಿ.ಮೀ. ಎತ್ತರ. ಲಗೇಜು ಹೇರಿಕೊಂಡು ದೂರ ಹೋಗುವವರಿಗೆ ಒಳ್ಳೆಯ ಗಾಡಿ. ಆದರೆ 190 ಕೆ.ಜಿ. ಮೀರಿದ ಭಾರ, ಉಳವಿ ಕಡೆಯ ಕೊರಕಲಿನಲ್ಲಿ ಮಗುಚಿದರೆ ಒಬ್ಬರೇ ಎತ್ತುವುದು ಕಷ್ಟ. 2019ರ ಹೀರೋ ಎಕ್ಸ್‌ಪಲ್ಸ್ 200ಕ್ಕೂ ಅದೇ ಮುಂಗಾಲಿ, ಅದೇ ಎತ್ತರ, ಭಾರ ಮಾತ್ರ 30 ಕೆ.ಜಿ.ಗೂ ಹೆಚ್ಚು ಕಡಿಮೆ. ಇವೆರಡರಲ್ಲಿ ಆರಿಸುವುದಾದರೆ ನನ್ನ ಮತ ಇದಕ್ಕೆ. ಒಂದೇ ತಕರಾರು, 823 ಮಿ.ಮೀ. ಎತ್ತರದ ಸೀಟು. ರಾಡಿಯಲ್ಲಿ ಎರಡೂ ಕಾಲು ಊರಲು ಬರುವುದು ದೊಡ್ಡ ಆಸರೆ, ಗಿಡ್ಡ ಆಳಿಗೆ ಅದು ಇಲ್ಲಿ ಸಿಗುವುದಿಲ್ಲ.

ಆದರೂ ಇಲ್ಲಿನ ಹಾಲಿನ ಕ್ಯಾನು, ಗೊಬ್ಬರದ ಚೀಲ, ಗೋವಿನಜೋಳದ ಮೂಟೆ ಹೊರುತ್ತಿರುವುದು 97.2 ಸಿ.ಸಿ.ಯ ಸ್ಪ್ಲೆಂಡರ್. ಭಾರ 112 ಕೆ.ಜಿ., ಗಾಲಿ ಎರಡೂ 18 ಇಂಚು. ಕಲ್ಲುದಾರಿಯಲ್ಲಿ ಇದರ ಹೊಟ್ಟೆ ತಾಗುತ್ತದೆ, ನಿಜ. ಆದರೆ ಜಾರುವ ದೋಷ ಗಾಡಿಯದಲ್ಲ, ಡಾಂಬರಿಗೆಂದೇ ಮಾಡಿದ ಸಣ್ಣ ಟೈರಿನದು. ಅದನ್ನು ಬದಲಿಸಲು ಬೈಕು ಬದಲಿಸಬೇಕಿಲ್ಲ.

ಗಾಳಿಯ ಮಾತೂ ಹೇಳಲೇಬೇಕು. ಹರಳುದಾರಿಯಲ್ಲಿ ಮೂರ್ನಾಲ್ಕು ಪಾಯಿಂಟ್ ಗಾಳಿ ಇಳಿಸಿದರೆ ಟೈರು ನೆಲಕ್ಕೆ ಚೆನ್ನಾಗಿ ಕೂರುತ್ತದೆ. ತೀರಾ ಇಳಿಸಿದರೆ ಟೈರು ರಿಮ್ಮಿನ ಮೇಲೆ ಸರಿದು, ಟ್ಯೂಬನ್ನೂ ಎಳೆದು ವಾಲ್ವನ್ನು ಬುಡದಲ್ಲಿ ಕಿತ್ತುಹಾಕುತ್ತದೆ. ಭಾರ ಹೇರಿದ ದಿನ ಇಳಿಸುವಂತೆಯೇ ಇಲ್ಲ. ಮುಳ್ಳು ಚುಚ್ಚಿದಾಗ ಟ್ಯೂಬ್‌ಲೆಸ್ ಟೈರು ಸ್ವಲ್ಪ ದೂರ ಮುಟ್ಟಿಸುತ್ತದೆ, ಆ ಅನುಕೂಲ ದೊಡ್ಡದು. ಆದರೆ ಅದು ಸಾಮಾನ್ಯವಾಗಿ ಕೂರುವುದು ಅಲಾಯ್ ರಿಮ್ಮಿನ ಮೇಲೆ, ಕಲ್ಲಿಗೆ ಬಡಿದು ಆ ರಿಮ್ ಬಿರಿದರೆ ಬದಲಿಸುವುದೊಂದೇ ದಾರಿ. ಕಡ್ಡಿ ಗಾಲಿ ಸೊಟ್ಟಗಾದರೆ ಕಡ್ಡಿ ಬಿಗಿದು ನೆಟ್ಟಗೆ ಮಾಡುವವರು ಇನ್ನೂ ಇದ್ದಾರೆ. ಒಳದಾರಿಗಳಿಗೆ ನಾನು ಕಡ್ಡಿ ಗಾಲಿಯನ್ನೇ ಒಪ್ಪುತ್ತೇನೆ.

ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಮನೆಯಲ್ಲಿರುವ ಗಾಡಿಗೆ ಒಂದು ಜೋಡಿ ಒಳ್ಳೆಯ ಟೈರು ಹಾಕಿಸಿ, ಒಂದು ಮಳೆಗಾಲ ಓಡಿಸಿ ನೋಡಿ.