ಪೆಟ್ಟಿಗೆಗಳೆಲ್ಲ ಪಾಸ್, ನಡುವಿನ ಕೊಂಡಿ?

ರಕ್ಷಣಾ ಇಲಾಖೆಯ ಪತ್ರಿಕಾ ಪ್ರಕಟಣೆಗಳನ್ನು ಓದೋದು ನನಗೊಂದು ಚಟ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಹೊಟ್ಟೆ ಹೊರೆಯುವವನಿಗೆ ಬೇರೆಯವರು ಹೇಗೆ ಟೆಸ್ಟ್ ಮಾಡ್ತಾರೆ ಅನ್ನೋ ಕುತೂಹಲ ಇದ್ದೇ ಇರುತ್ತೆ. ನಾಲ್ಕು ಪ್ರಕಟಣೆ ಓದಿದರೆ ಧಾಟಿ ಗೊತ್ತಾಗಿಬಿಡುತ್ತೆ: ಸ್ವದೇಶಿ, ಯಶಸ್ವಿ ಪರೀಕ್ಷೆ, ಮೈಲಿಗಲ್ಲು, ಇಷ್ಟು ಕೋಟಿಯ ಒಪ್ಪಂದ, ಕೊನೆಗೆ ಅಭಿನಂದನೆ. ಪೆಟ್ಟಿಗೆಯ ಹೆಸರಿರುತ್ತೆ, ಮಾಡಿದವರ ಹೆಸರಿರುತ್ತೆ. ಆ ಪೆಟ್ಟಿಗೆ ಇನ್ಯಾವ ಪೆಟ್ಟಿಗೆ ಜೊತೆ ಮಾತಾಡಿತು, ಮಾತು ಇಬ್ಬರಿಗೂ ಒಂದೇ ಥರ ಅರ್ಥವಾಯಿತಾ ಅನ್ನೋದು ಮಾತ್ರ ಇರಲ್ಲ. ಒಳಗೆ ನಡೆಯೋ ಪರೀಕ್ಷೆ ಗುಟ್ಟಾಗಿರಲಿ, ಬೇಡ ಅನ್ನಲ್ಲ. ನನ್ನ ತಕರಾರು ಹೊರಗೆ ಬರೋ ಈ ಬರವಣಿಗೆಯ ಮೇಲೆ. ಅದು ನಮಗೆ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟೋದನ್ನ ಕಲಿಸ್ತಾ ಇದೆ.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಟ್ಯಾಕ್ಟಿಕಲ್ ಡೇಟಾ ಲಿಂಕ್ ಅಂದರೆ ಸೈನ್ಯದ ವಾಟ್ಸಾಪ್ ಗ್ರೂಪ್ ಅಂದ್ಕೊಳ್ಳಿ. ಅಲ್ಲಿ ಮೆಸೇಜ್ ಹಾಕೋರು ಹೆಚ್ಚಾಗಿ ಯಂತ್ರಗಳು. ಒಂದು ರೇಡಾರ್‌ಗೆ ಆಕಾಶದಲ್ಲಿ ಏನೋ ಕಾಣಿಸಿತು ಅಂದ್ರೆ ಅದಕ್ಕೊಂದು ನಂಬರ್ ಕೊಟ್ಟು, ಎಲ್ಲಿದೆ, ಎಷ್ಟು ಎತ್ತರ, ಎಷ್ಟು ವೇಗ, ನಮ್ಮದೋ ಅವರದೋ ಅಂತ ಗ್ರೂಪಿಗೆ ಹಾಕುತ್ತೆ. ವಿಮಾನ, ಹಡಗು, ಕ್ಷಿಪಣಿ ಬ್ಯಾಟರಿ, ಎಲ್ಲರ ಪರದೆ ಮೇಲೂ ಅದೇ ಚುಕ್ಕೆ ಮೂಡುತ್ತೆ. ನ್ಯಾಟೋ ದೇಶಗಳ ಲಿಂಕ್-16 ಇವುಗಳಲ್ಲಿ ಹೆಸರುವಾಸಿ. ಒಂದು ಸೆಕೆಂಡನ್ನು 128 ತುಂಡು ಮಾಡಿ, 7.8125 ಮಿಲಿಸೆಕೆಂಡಿನ ಒಂದೊಂದು ತುಂಡನ್ನು ಒಬ್ಬೊಬ್ಬರಿಗೆ ಹಂಚಿರ್ತಾರೆ. ನಿಮ್ಮ ಸರದಿ ಬಂದಾಗ ಮಾತಾಡಿ, ಉಳಿದ ಹೊತ್ತು ಕೇಳಿಸ್ಕೊಳ್ಳಿ. ನಮ್ಮ ಸ್ಟ್ಯಾಂಡಪ್ ಮೀಟಿಂಗ್‌ಗಳಲ್ಲಿ ಇಷ್ಟು ಶಿಸ್ತು ಇದ್ದಿದ್ದರೆ!

ಇಷ್ಟೆಲ್ಲ ಬರೆದಿಟ್ಟ ನಿಯಮ ಇದ್ದಮೇಲೆ ಎರಡು ಪೆಟ್ಟಿಗೆಗಳು ಯಾಕೆ ಜಗಳ ಆಡ್ತವೆ? ನಿಯಮದ ಪುಸ್ತಕ ಭಾರೀ ದಪ್ಪ, ಅದಕ್ಕೇ. ಯಾವ ಕಂಪನಿಯೂ ಅದನ್ನ ಪೂರ್ತಿ ಅಳವಡಿಸಲ್ಲ, ತನಗೆ ಬೇಕಾದಷ್ಟನ್ನೇ ಅಳವಡಿಸುತ್ತೆ. ಒಬ್ಬ ಕಳಿಸಿದ ಮಾಹಿತಿಯನ್ನ ಇನ್ನೊಬ್ಬ ಸದ್ದಿಲ್ಲದೆ ಬಿಸಾಕ್ತಾನೆ. ಒಂದೇ ವಿಮಾನವನ್ನ ಎರಡು ರೇಡಾರ್‌ಗಳು ನೋಡಿ ಎರಡು ನಂಬರ್ ಕೊಡ್ತವೆ, ಪರದೆ ಮೇಲೆ ಒಂದು ಎರಡಾಗುತ್ತೆ. ಒಬ್ಬ ‘ನಮ್ಮವನು’ ಅಂದ ಚುಕ್ಕೆಗೆ ಇನ್ನೊಬ್ಬ ‘ಗೊತ್ತಿಲ್ಲ’ ಅಂತಾನೆ. ತಮಾಷೆ ಅಂದ್ರೆ ಬೇರೆ ಬೇರೆಯಾಗಿ ಕೂರಿಸಿ ಪರೀಕ್ಷೆ ಮಾಡಿದರೆ ಎರಡೂ ಪಾಸ್. ನೀವು ಎಪಿಐ ಕೆಲಸ ಮಾಡಿದ್ದರೆ ಇದು ಹೊಸದಲ್ಲ. ಒಂದು ಟೀಮು ತಾರೀಖು ಮೊದಲು ಬರೆಯುತ್ತೆ, ಇನ್ನೊಂದು ತಿಂಗಳು ಮೊದಲು. ಹನ್ನೆರಡನೇ ತಾರೀಖಿನವರೆಗೆ ಎಲ್ಲ ಹಸಿರು, ಹದಿಮೂರಕ್ಕೆ ಬೆಂಕಿ. ನಮಗೆ ಹೋಗೋದು ಒಂದು ರಾತ್ರಿಯ ನಿದ್ದೆ. ಅವರಿಗೆ ಹೋಗೋದು ಬೇರೆ.

ಇದಕ್ಕೆ ಕಂಡುಕೊಂಡ ಉಪಾಯವೇ ದೂರದಿಂದ ಮಾಡೋ ಜೋಡಣೆ ಪರೀಕ್ಷೆ. ಹಡಗನ್ನ, ವಿಮಾನವನ್ನ, ಕ್ಷಿಪಣಿ ಬ್ಯಾಟರಿಯನ್ನ ಒಂದೇ ದಿನ ಒಂದೇ ಕಡೆ ಸೇರಿಸೋದು ಅಂದರೆ ಮದುವೆ ದಿಬ್ಬಣದ ಖರ್ಚು. ಅದರ ಬದಲು ಹಡಗಿನ ಪೆಟ್ಟಿಗೆಯ ತದ್ರೂಪವನ್ನ ಒಂದು ಲ್ಯಾಬಲ್ಲಿ, ವಿಮಾನದ್ದನ್ನ ಇನ್ನೊಂದು ಊರಿನ ಲ್ಯಾಬಲ್ಲಿ ಇಟ್ಟು, ನಡುವೆ ಸುರಕ್ಷಿತ ನೆಟ್‌ವರ್ಕ್ ಎಳೆದು, ಕಾಲ್ಪನಿಕ ಯುದ್ಧವೊಂದನ್ನ ಇಬ್ಬರಿಗೂ ಆಡಿಸ್ತಾರೆ. ಇದಕ್ಕಂತಲೇ ನ್ಯಾಟೋದಲ್ಲಿ ‘ಸಿಂಪಲ್’ ಅನ್ನೋ ಸ್ಟ್ಯಾಂಡರ್ಡ್ ಇದೆ, ನಂಬರ್ 5602. ಹೆಸರಷ್ಟೇ ಸಿಂಪಲ್. ಅಮೆರಿಕದಲ್ಲಿ ಅರಿಝೋನಾದ ಫೋರ್ಟ್ ವಚೂಕಾದಲ್ಲಿ ಜೆಐಟಿಸಿ ಅಂತ ಒಂದು ಸಂಸ್ಥೆಯೇ ಇದೆ. ಪೆಟ್ಟಿಗೆ ಇತರರ ಜೊತೆ ಹೊಂದಿಕೊಳ್ಳುತ್ತೆ ಅಂತ ಸರ್ಟಿಫಿಕೇಟ್ ಕೊಡೋದು ಅದರ ಕೆಲಸ. ಪೆಟ್ಟಿಗೆ ಮಾಡಿದ ಕಂಪನಿಯಲ್ಲ, ಮೂರನೆಯವರು ಕೊಡೋದು. ನನ್ನ ಪ್ರಕಾರ ಈ ಇಡೀ ಏರ್ಪಾಟಿನಲ್ಲಿ ಕಲಿಯಬೇಕಾದ್ದು ಈ ಮೂರನೆಯವರನ್ನ, ತಂತ್ರಜ್ಞಾನ ಎರಡನೇ ಮಾತು.

ನಮ್ಮ ಊರು ಮಲಪನಗುಡಿ, ಹೊಸಪೇಟೆಯಿಂದ ಹಂಪಿಗೆ ಹೋಗೋ ದಾರಿಯಲ್ಲಿ ಅನಂತಶಯನಗುಡಿ ಆದಮೇಲೆ ಸಿಗುತ್ತೆ. ನಮ್ಮ ಕಡೆಯವರಿಗೆ ಜೋಡಣೆ ಅಂದರೆ ಏನು ಅಂತ ವಿವರಿಸೋಕೆ ನ್ಯಾಟೋ ಬೇಕಾಗಿಲ್ಲ, ಡ್ಯಾಮ್ ಇದೆ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಎರಡು ದಡದಲ್ಲಿ ಎರಡು ಸರ್ಕಾರಗಳು ಅಡಿಗಲ್ಲು ಹಾಕಿದವು. ಎಡಕ್ಕೆ ನಿಜಾಮರ ಹೈದರಾಬಾದು, ಬಲಕ್ಕೆ ಮದ್ರಾಸು. ಬೇರೆ ಎಂಜಿನಿಯರುಗಳು, ಬೇರೆ ಖಜಾನೆ, ಬೇರೆ ಕಡತ. ನದಿಯ ನಡುವೆ ಕಲ್ಲುಗಳು ಬಂದು ಕೂಡಬೇಕಿತ್ತು, ಕೂಡಿದವು. ಯಾವ ಕಲ್ಲು ಯಾವ ಸರ್ಕಾರದ್ದು ಅಂತ ನೀರು ಕೇಳಲ್ಲ ನೋಡಿ. ಅದೇ ಡ್ಯಾಮಿನಲ್ಲಿ 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯ್ತು. ತುಂಡಾದದ್ದು ಅದನ್ನ ಹಿಡಿದಿದ್ದ ಚೈನು. ಆ ವಾರ ಊರಿನ ಟೀ ಅಂಗಡಿಯಲ್ಲಿ ಕೂತವರೆಲ್ಲ ಚೈನಿನ ಕೊಂಡಿಯ ಬಗ್ಗೆ ಎಂಜಿನಿಯರುಗಳ ಥರ ಮಾತಾಡ್ತಿದ್ರು. ಅದಕ್ಕೆ ಮುಂಚೆ ಆ ಚೈನು ಯಾರ ಬಾಯಲ್ಲೂ ಬಂದಿದ್ದಿಲ್ಲ.

ಹಾಗಂತ ಲ್ಯಾಬಿಂದ ಲ್ಯಾಬಿಗೆ ಮಾಡೋ ಪರೀಕ್ಷೆಯನ್ನ ತಲೆ ಮೇಲೆ ಹೊತ್ಕೊಂಡು ಕುಣಿಯೋದೂ ಬೇಡ. ತಂತಿಯಲ್ಲಿ ಹೋದ ಮೆಸೇಜು ಗಾಳಿಯಲ್ಲಿ ಹೋದಂಗಲ್ಲ. ವಿಮಾನ ವಾಲಿದಾಗ ಅದರ ಮೈಯೇ ಆಂಟೆನಾಗೆ ಅಡ್ಡ ಬರುತ್ತೆ. ಗುಡ್ಡ ಅಡ್ಡ ಬರುತ್ತೆ, ಶತ್ರು ಜ್ಯಾಮ್ ಮಾಡ್ತಾನೆ. ಆ 7.8 ಮಿಲಿಸೆಕೆಂಡಿನ ಲೆಕ್ಕದಲ್ಲಿ ರೇಡಿಯೋ ಅಲೆ ಪಯಣಿಸೋ ಹೊತ್ತೂ ಸೇರಿದೆ, ಹಂಗಾಗಿ ಲಿಂಕ್-16ಕ್ಕೆ ಸಾಮಾನ್ಯವಾಗಿ 300 ನಾಟಿಕಲ್ ಮೈಲಿಯ ಮಿತಿ. ಎರಡು ಲ್ಯಾಬ್‌ಗಳ ನಡುವಿನ ತಂತಿಯಲ್ಲಿ ಇದ್ಯಾವುದೂ ಗೊತ್ತಾಗಲ್ಲ. ಸಂದೇಶದ ವ್ಯಾಕರಣವನ್ನ ದೂರದಿಂದ ಪರೀಕ್ಷಿಸಬಹುದು, ಉಸಿರನ್ನ ಆಗಲ್ಲ.

ಅಲ್ಲಿ ಇಲ್ಲದ ಇನ್ನೊಂದು, ಯುದ್ಧದ ಅವ್ಯವಸ್ಥೆ. 2003ರ ಮಾರ್ಚಿನಲ್ಲಿ ಇರಾಕ್ ಯುದ್ಧದಿಂದ ವಾಪಸ್ ಬರ್ತಿದ್ದ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಹೊಡೆದುರುಳಿಸಿತು, ಇಬ್ಬರು ಸತ್ತರು. ಎರಡೂ ಮಿತ್ರ ದೇಶಗಳು, ಇಬ್ಬರ ಕೈಯಲ್ಲೂ ಆ ಕಾಲದ ಒಳ್ಳೊಳ್ಳೆ ಉಪಕರಣಗಳು. ಬ್ರಿಟನ್ನಿನ ತನಿಖಾ ವರದಿ ಓದಿದರೆ ಎದೆ ಝಲ್ಲೆನ್ನೋದು ಒಂದು ಸಣ್ಣ ಸಂಗತಿಗೆ: ಆ ಬ್ಯಾಟರಿಯ ಸಂಪರ್ಕ ಉಪಕರಣಗಳು ಅಮೆರಿಕದಿಂದ ಇನ್ನೂ ದಾರಿಯಲ್ಲಿದ್ದವು. ಪೆಟ್ಟಿಗೆ ಪಾಸಾಗಿತ್ತೋ ಫೇಲಾಗಿತ್ತೋ ಅನ್ನೋ ಪ್ರಶ್ನೆಯೇ ಇಲ್ಲ, ಪೆಟ್ಟಿಗೆಯೇ ಬಂದಿರಲಿಲ್ಲ.

ನಮ್ಮದೇ ಉದಾಹರಣೆ ಬೇಕಾದರೆ 2019ರ ಫೆಬ್ರವರಿ 27, ಬಾಲಾಕೋಟ್‌ನ ಮರುದಿನ. ಎಲ್ಲ ಚಾನೆಲ್‌ಗಳ ಕಣ್ಣು ಆಕಾಶದ ಕಾಳಗದ ಮೇಲಿದ್ದ ಬೆಳಗ್ಗೆ ಶ್ರೀನಗರದಿಂದ ಎದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಡ್ಗಾಮ್‌ನಲ್ಲಿ ಬಿತ್ತು. ಹೊಡೆದದ್ದು ನಮ್ಮದೇ ಸ್ಪೈಡರ್ ಕ್ಷಿಪಣಿ. ವಾಯುಪಡೆಯ ಆರು ಮಂದಿ, ನೆಲದಲ್ಲಿದ್ದ ಒಬ್ಬ ನಾಗರಿಕ, ಒಟ್ಟು ಏಳು ಜೀವ. ಅಕ್ಟೋಬರ್‌ನಲ್ಲಿ ವಾಯುಪಡೆಯ ಮುಖ್ಯಸ್ಥ ಭದೌರಿಯಾ ಇದು ನಮ್ಮ ದೊಡ್ಡ ತಪ್ಪು ಅಂತ ಒಪ್ಪಿಕೊಂಡರು. ನಮ್ಮವನಾ ಅಂತ ಕೇಳೋ ಐಎಫ್‌ಎಫ್ ಉಪಕರಣದ ವಿಷಯದಲ್ಲೂ, ನೆಲದವರಿಗೂ ಹೆಲಿಕಾಪ್ಟರಿನವರಿಗೂ ನಡುವಿನ ಸಂವಹನದಲ್ಲೂ ಲೋಪ ಆಗಿತ್ತು ಅಂತ ತನಿಖೆಯ ಬಗ್ಗೆ ಬಂದ ವರದಿಗಳು ಹೇಳಿದವು. ಐಎಫ್‌ಎಫ್ ಬೇರೆ, ಡೇಟಾ ಲಿಂಕ್ ಬೇರೆ, ಅದನ್ನ ಕಲಸಿ ಹೇಳೋದು ಸರಿಯಲ್ಲ. ಆದರೆ ಹೆಲಿಕಾಪ್ಟರ್ ರಷ್ಯದ್ದು, ಕ್ಷಿಪಣಿ ಇಸ್ರೇಲಿನದ್ದು, ಎರಡರ ಮೇಲೂ ನಮ್ಮ ಮೂರು ಬಣ್ಣದ ಗುರುತು. ಗುರುತು ಯಂತ್ರಕ್ಕೆ ಕಾಣಬೇಕಲ್ಲ?

ನಮ್ಮ ಬತ್ತಳಿಕೆಯೇ ಹಾಗಿದೆ. ಸುಖೋಯ್ ರಷ್ಯದ್ದು, ರಫೇಲ್ ಫ್ರಾನ್ಸಿನದ್ದು. ಫಾಲ್ಕನ್ ಅಂತೂ ರಷ್ಯದ ವಿಮಾನದ ಬೆನ್ನ ಮೇಲೆ ಇಸ್ರೇಲಿನ ರೇಡಾರ್. ಇಂಥಾ ಕೂಡು ಕುಟುಂಬದಲ್ಲಿ ಬೇರೆ ದೇಶದ ಲಿಂಕ್ ಎಲ್ಲರಿಗೂ ಹಾಕೋಕಾಗಲ್ಲ, ನಮ್ಮದೇ ಬೇಕು. ಕೆಲಸವೂ ಆಗಿದೆ, ಅದನ್ನ ಮುಚ್ಚಿಡಲ್ಲ. ಜಾಲಹಳ್ಳಿಯ ಬಿಇಎಲ್ ಕಂಪನಿಯ ಡೇಟಾ ಲಿಂಕ್-2 ಬೋಯಿಂಗ್‌ನ ಪಿ-8ಐ ಒಳಗೆ ಕೂತಿದೆ. ಅಮೆರಿಕದ ವಿಮಾನ ನಮ್ಮ ಹಡಗುಗಳ ಭಾಷೆ ಕಲಿತದ್ದು ಸಣ್ಣ ಸಾಧನೆಯಲ್ಲ, ಆದ್ರೆ ಎಷ್ಟು ಜನಕ್ಕೆ ಗೊತ್ತು? 2025ರ ಮೇ ತಿಂಗಳಲ್ಲಿ ಬಿಇಎಲ್ ಕಟ್ಟಿದ ವಾಯುಪಡೆಯ ಐಎಸಿಸಿಎಸ್, ಭೂಸೇನೆಯ ಆಕಾಶತೀರ್ ಎರಡರ ಹೆಸರೂ ಟೀವಿಯಲ್ಲಿ ಬಂತು. ಅಲ್ಲೂ ಸುದ್ದಿಯಾದದ್ದು ಎಷ್ಟು ಡ್ರೋನ್ ಬಿತ್ತು ಅನ್ನೋ ಸ್ಕೋರು. ಎರಡು ಪಡೆಗಳ ಎರಡು ವ್ಯವಸ್ಥೆಗಳನ್ನ ಒಂದು ಚಿತ್ರಕ್ಕೆ ತಂದವರ ವರ್ಷಗಟ್ಟಲೆ ಕೆಲಸದ ಬಗ್ಗೆ ಒಂದು ಪ್ಯಾರಾ ಬಂದಿದ್ದರೆ ನಾನು ಆ ಪತ್ರಿಕೆಯ ಚಂದಾ ಕಟ್ಟುತ್ತಿದ್ದೆ.

2025ರ ಅಕ್ಟೋಬರ್‌ನಲ್ಲಿ ಡಿಆರ್‌ಡಿಒ, ಮೂರೂ ಪಡೆಗಳ ಜೊತೆ ಸೇರಿ, ಸಾಫ್ಟ್‌ವೇರ್ ರೇಡಿಯೋಗಳಿಗೆ ಐಆರ್‌ಎಸ್‌ಎ ಅನ್ನೋ ನಮ್ಮದೇ ಸ್ಟ್ಯಾಂಡರ್ಡ್ ಬಿಡುಗಡೆ ಮಾಡಿತು. ಒಬ್ಬರು ಬರೆದ ಸಾಫ್ಟ್‌ವೇರ್ ಇನ್ನೊಬ್ಬರ ರೇಡಿಯೋದಲ್ಲೂ ಓಡಬೇಕು ಅನ್ನೋದು ಆಶಯ. ಒಳ್ಳೆ ಸುದ್ದಿ. ಇನ್ನು ನೋಡಬೇಕಾದ್ದು ಪುಸ್ತಕವನ್ನಲ್ಲ, ಫೇಲ್ ಅನ್ನೋ ಅಧಿಕಾರ ಯಾರಿಗೆ ಅನ್ನೋದನ್ನ. ಅಮೆರಿಕದ ಸಂಸತ್ತು 1983ರಲ್ಲಿ ರಕ್ಷಣಾ ಇಲಾಖೆಯೊಳಗೇ ಪರೀಕ್ಷೆಗಳ ಮೇಲೆ ಕಣ್ಣಿಡೋ ಪ್ರತ್ಯೇಕ ಕಚೇರಿ ಮಾಡಿತು. ಗುಟ್ಟಿನ ಭಾಗ ತೆಗೆದು ಅದು ಪ್ರತಿವರ್ಷ ವರದಿ ಪ್ರಕಟಿಸುತ್ತೆ. ಕೋಟಿಗಟ್ಟಲೆ ಡಾಲರಿನ ಯಂತ್ರದ ಬಗ್ಗೆ ‘ಇದು ಯುದ್ಧಕ್ಕೆ ಪರಿಣಾಮಕಾರಿ ಅಂತ ತೋರಿಸಿಲ್ಲ’ ಅಂತ ಸಪ್ಪೆ ಭಾಷೆಯಲ್ಲಿ ಬರೆಯುತ್ತೆ. ಆ ಸಪ್ಪೆ ವಾಕ್ಯ ನನಗೆ ಯಾವ ಮೈಲಿಗಲ್ಲಿಗಿಂತ ಧೈರ್ಯ ಕೊಡುತ್ತೆ. ಡೇಟಾ ಲಿಂಕ್ ಲ್ಯಾಬು ಡೆಹ್ರಾಡೂನಿನಲ್ಲಿ, ರೇಡಾರ್ ಹೊತ್ತ ವಿಮಾನ ರೂಪಿಸೋ ಲ್ಯಾಬು ಬೆಂಗಳೂರಲ್ಲಿ, ಹಡಗು ಸಮುದ್ರದಲ್ಲಿ ಇರೋ ದೇಶಕ್ಕೆ ದೂರದಿಂದ ಪರೀಕ್ಷೆ ಮಾಡೋದಕ್ಕಿಂತ ಸೂಕ್ತವಾದದ್ದು ಯಾವುದಿದೆ? ಹೊಸ ಪೆಟ್ಟಿಗೆ ಬಂದಾಗೊಮ್ಮೆ ಅಲ್ಲ, ಹಳೇ ಪೆಟ್ಟಿಗೆಯ ಸಾಫ್ಟ್‌ವೇರು ಬದಲಾದಾಗಲೆಲ್ಲ. ಮುಂದಿನ ಪ್ರಕಟಣೆಯಲ್ಲಿ ‘ಯಶಸ್ವಿ’ ಬದಲು ‘ಇಷ್ಟು ಪೆಟ್ಟಿಗೆಗಳ ಜೊತೆ ಜೋಡಿಸಿದೆವು, ಇಷ್ಟರ ಜೊತೆ ಮಾತು ಹೊಂದಲಿಲ್ಲ, ಸರಿಮಾಡಿ ಮತ್ತೆ ನೋಡ್ತೀವಿ’ ಅಂತಿದ್ದರೆ ನಾನು ಅದನ್ನ ಪ್ರಿಂಟ್ ತೆಗೆದು ಆಫೀಸಿನ ನನ್ನ ಡೆಸ್ಕಿಗೆ ಅಂಟಿಸ್ತೀನಿ.