ಕನಸು ಅವರದು, ಕೆಲಸ ಯಾರದು?

ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ರಂಗಶಂಕರದ ಮಾತು ಬಂದಾಗಲೆಲ್ಲ ಒಂದೇ ಕಥೆ ಕೇಳಿಬರುತ್ತದೆ. ಶಂಕರ್ ನಾಗ್ ಅಕಾಲದಲ್ಲಿ ತೀರಿಕೊಂಡರು, ಅವರ ಕನಸನ್ನು ಹೆಂಡತಿ ಅರುಂಧತಿ ನಾಗ್ ನನಸು ಮಾಡಿದರು ಎಂಬ ಕಥೆ. ಕೇಳಲು ಹಿತವಾಗಿಯೇ ಇದೆ, ಸತಿಧರ್ಮದ ಹೊಸ ಪುರಾಣದ ಹಾಗೆ. ನನ್ನ ತಕರಾರಿರುವುದೂ ಅಲ್ಲಿಯೇ.

ಕಥೆಯಲ್ಲಿ ಸುಳ್ಳೇನೂ ಇಲ್ಲ. ನಾಟಕಕ್ಕೆಂದೇ ಒಂದು ಮನೆ ಬೇಕೆಂಬ ಆಸೆ ಶಂಕರ್ ನಾಗ್ ಅವರಿಗಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಅವರು ಹೋದರು. ಅದೇ ಕಾರಿನಲ್ಲಿದ್ದ ಅರುಂಧತಿ ಗಾಯಗೊಂಡು ಬದುಕಿ ಉಳಿದರು. ರಂಗಶಂಕರದ ಬಾಗಿಲು ತೆರೆದದ್ದು 2004ರಲ್ಲಿ. ನಡುವಿನ 14 ವರ್ಷಗಳನ್ನು ನಮ್ಮ ಕಥೆ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ. ಸರ್ಕಾರದಿಂದ ಜಾಗ ಪಡೆಯುವುದು, ದಾನಿಗಳಿಂದ ಹಣ ಕೂಡಿಸುವುದು, ಜೊತೆಗೆ ಮಗಳನ್ನು ಬೆಳೆಸುವುದು, ಇಷ್ಟಕ್ಕೂ ‘ಪತಿನಿಷ್ಠೆ’ ಎಂಬ ಒಂದು ಮಾತು ಸಾಕೇ?

ಅರುಂಧತಿಯವರು ಮದುವೆಗೆ ಮುಂಚೆಯೇ ಮುಂಬಯಿಯ ರಂಗಭೂಮಿಯಲ್ಲಿ ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಪಳಗಿದ್ದ ನಟಿ. ಕನ್ನಡ ಅವರು ಆಮೇಲೆ ಕಲಿತು ಒಲಿಸಿಕೊಂಡ ಭಾಷೆ. ಬರೀ ಸ್ಮಾರಕವೇ ಬೇಕಿದ್ದರೆ ಒಂದು ಪ್ರತಿಮೆ, ವರ್ಷಕ್ಕೊಂದು ಸಮಾರಂಭ ಸಾಕಿತ್ತು. ಸೋಮವಾರ ಬಿಟ್ಟು ದಿನವೂ ನಾಟಕ ನಡೆಯಬೇಕು, ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಒಳಗೆ ಬಿಡಕೂಡದು ಎಂಬ ಕಟ್ಟುಪಾಡುಗಳನ್ನು ಮಾಡಿದ್ದು ರಂಗದ ಕಷ್ಟಸುಖ ಬಲ್ಲ ಕಸಬುದಾರಳ ಬುದ್ಧಿ. ಮುಖ್ಯ ಅತಿಥಿಗಳಿಗಾಗಿ ಗಂಟೆಗಟ್ಟಲೆ ಕಾಯುವ ನಮ್ಮ ಊರುಗಳ ಸಭಾಭವನಗಳಲ್ಲಿ ಕೂತವರಿಗೆ ಈ ನಿಯಮದ ಬೆಲೆ ಗೊತ್ತು.

2005ರಲ್ಲಿ ಇದೇ ರಂಗದ ಮೇಲೆ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ಬಂತು. ಲೇಖಕಿಯೊಬ್ಬಳು ಟೆಲಿವಿಷನ್ನಿನೊಳಗಿನ ತನ್ನದೇ ಬಿಂಬಕ್ಕೆ ಉತ್ತರ ಕೊಡಬೇಕಾಗುವ ನಾಟಕ. ಕನ್ನಡದಲ್ಲಿ ಆ ಪಾತ್ರ ಮಾಡಿದವರು ಅರುಂಧತಿ. ಕಟ್ಟಿದ ಮನೆಯಲ್ಲಿ ತಾನೇ ದುಡಿದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಕೊರತೆ ಇಲ್ಲವೆಂದಲ್ಲ. ಊರಿನ ದಕ್ಷಿಣದ ತುದಿಯಲ್ಲಿರುವ ಈ ಮಂದಿರದಿಂದ ರಾತ್ರಿ ಆಟ ಮುಗಿಸಿ ಬಸ್ಸು ಹಿಡಿದು ಒಬ್ಬಳೇ ಮನೆ ಸೇರುವುದು ಬಹುಪಾಲು ಹೆಂಗಸರಿಗೆ ಸುಲಭವಲ್ಲ. ಒಬ್ಬ ಹೆಣ್ಣು ಮಗಳು ಕಟ್ಟಿದ ರಂಗಮಂದಿರವಾದರೂ ನಾಟಕ ನೋಡುವ ಬಿಡುವು ಇನ್ನೂ ನಮ್ಮ ಪಾಲಿಗೆ ಸಲೀಸಾಗಿ ಬಂದಿಲ್ಲ.

ಗಂಡನ ಹೆಸರು ಕಟ್ಟಡದ ಮೇಲಿರಲಿ, ಅದು ಪ್ರೀತಿಯ ಮಾತು. ಆದರೆ ಈ ಕಥೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವಾಗ, ಕಟ್ಟಿದವರು ಒಬ್ಬ ನಟಿ ಎಂಬುದನ್ನು ಮೊದಲು ಹೇಳೋಣ. ಹೆಂಡತಿ ಎಂಬುದು ಆಮೇಲೆ ಬರಲಿ.